ಎಡಚ

ಆ ಬೆಳಿಗ್ಗೆ ಕಿಂಡಿಯಿಂದ ಟ್ರೇ ತಳ್ಳಿದ್ದು ಬಲಗೈ. ಸ್ಕ್ರೂನ ನೆಮ್ಮದಿ ಹಾಳಾಗಿದ್ದು ಅಲ್ಲಿಂದ.

ಸ್ಕ್ರೂ ಅಂದರೆ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಲೆನ್ಸ್ ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವವನು. ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಚಾಲ್ತಿಯಲ್ಲಿಲ್ಲ. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಒಂದೇ ಸಲಕ್ಕೆ ಕೂರಿಸುವ ಕೈ ಅವನದು. ಎಂಟು ವರ್ಷದಲ್ಲಿ ಒಂದನ್ನೂ ಬೀಳಿಸಿದವನಲ್ಲ, ಅದಕ್ಕೇ ಆ ಅಡ್ಡಹೆಸರು.

ಆ ಕೋಣೆಗೂ ಮುಂದಿನ ಅಂಗಡಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಕೌಂಟರಿನಲ್ಲಿ ಅವಳು. ಗಿರಾಕಿಯ ಚೀಟಿಯನ್ನೂ ಫ್ರೇಮನ್ನೂ ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು ಒಳಗೆ ತಳ್ಳುತ್ತಾಳೆ. ದಿನಕ್ಕೆ ಇಪ್ಪತ್ತು ಸಲ ಅವನಿಗೆ ಕಾಣುವುದು ಅವಳ ಕೈ, ಅದೂ ಎಡಗೈ.

ಎಡಗೈಯೇ ಯಾಕೆಂದರೆ ಅದು ಅವಳ ಚೆಂದದ ಕೈ. ಮನೆಯಲ್ಲಿ ಕೂತು ತನ್ನ ಉಗುರಿಗೆ ತಾನೇ ಚಿತ್ತಾರ ಬರೆದುಕೊಳ್ಳುತ್ತಾಳೆ. ಫ್ಯಾನ್ಸಿ ಸ್ಟೋರಿನ ಮೂಲೆಯ ಬುಟ್ಟಿಯಲ್ಲಿ ಸಿಗುವ ಅಗ್ಗದ ನಾಲ್ಕು ಸೀಸೆ, ಒಂದಿಷ್ಟು ಟೂತ್‌ಪಿಕ್, ಚುಕ್ಕೆ ಇಡಲು ಹೇರ್‌ಪಿನ್ನಿನ ಗುಂಡು ತುದಿ, ನೇರ ಗೆರೆಗೆ ಸೆಲೋಟೇಪು, ಬಣ್ಣ ಬೆರೆಸಲು ಪಾತ್ರೆ ತೊಳೆಯುವ ಸ್ಪಂಜಿನ ಒಂದು ಚೂರು. ಇಷ್ಟೇ ಅವಳ ಬ್ಯೂಟಿ ಪಾರ್ಲರು. ಇಷ್ಟರಲ್ಲೇ ಒಂದು ವಾರ ಎಳೆ ಎಲೆ, ಇನ್ನೊಂದು ವಾರ ಸಂಜೆಯ ಆಕಾಶ.

ಆದರೆ ಬಲಗೈಯಿಂದ ಎಡಗೈಗೆ ಬರೆದಷ್ಟು ಸುಲಭವಲ್ಲ, ಎಡಗೈಯಿಂದ ಬಲಗೈಗೆ ಬರೆಯುವುದು. ಬ್ರಶ್ಶು ಹೇಳಿದ ಮಾತು ಕೇಳುವುದಿಲ್ಲ. ಬಣ್ಣ ಉಗುರು ದಾಟಿ ಚರ್ಮಕ್ಕೆ ಹರಿಯುತ್ತದೆ, ಹೂವು ಬರೆಯಲು ಹೋದರೆ ಕಾಲಡಿ ಸಿಕ್ಕ ಹುಳುವಾಗುತ್ತದೆ. ಹಾಗಾಗಿ ಬಲಗೈ ಯಾವಾಗಲೂ ಕೌಂಟರಿನ ಕೆಳಗೆ, ಇಲ್ಲವೇ ಬಿಲ್ ಪುಸ್ತಕದ ಮರೆಯಲ್ಲಿ.

ಇವತ್ತು ಅದೇ ಬಲಗೈ ರಾಜಾರೋಷವಾಗಿ ಒಳಗೆ ಬಂದಿತ್ತು. ಐದೂ ಉಗುರಿಗೆ ಕಡುನೀಲಿ. ಅಂಚಿಗೆ ಬಿಳಿ ಗೆರೆ, ಗೆರೆಯ ಪಕ್ಕ ದೊಡ್ಡದರಿಂದ ಸಣ್ಣದಾಗುತ್ತ ಹೋದ ಚುಕ್ಕೆಗಳು. ಒಂದು ಹನಿಯೂ ಆಚೀಚೆ ಆಗಿರಲಿಲ್ಲ.

ಸ್ಕ್ರೂನ ಕೈಯಿಂದ ಎಂಟು ವರ್ಷದಲ್ಲಿ ಮೊದಲನೇ ಸಲ ಒಂದು ಸ್ಕ್ರೂ ಜಾರಿ ಕೆಳಗೆ ಬಿತ್ತು.

"ಏನು ಮೇಡಂ, ಇವತ್ತು ಬಲಗೈಗೆ ಡ್ಯೂಟಿನಾ?" ಎಂದ, ಆದಷ್ಟು ಹಗುರವಾಗಿ.

ಕಿಂಡಿಯಲ್ಲಿ ಅವಳ ಎರಡು ಕಣ್ಣು ಬಗ್ಗಿ ನೋಡಿದವು. "ಯಾಕೆ ಸ್ಕ್ರೂ ಸಾರ್, ಅದಕ್ಕೆ ನೀವೇನಾದ್ರೂ ರಜಾ ಕೊಟ್ಟಿದ್ರಾ?"

"ಇಲ್ಲ… ಚೆನ್ನಾಗಿದೆ."

"ಏನು?"

"ಫ್ರೇಮು."

ಕಣ್ಣುಗಳು ಒಂದು ಗಳಿಗೆ ಅಲ್ಲೇ ನಿಂತು, ಹುಬ್ಬು ಒಂದು ಮೇಲೇರಿ, ಮಾಯವಾದವು. ಅವನು ಬಗ್ಗಿ ಮೇಜಿನ ಕೆಳಗೆ ಸ್ಕ್ರೂ ಹುಡುಕಿದ. ಹುಡುಕುತ್ತಿದ್ದದ್ದು ಕೈ, ಮನಸ್ಸು ಲೆಕ್ಕ ಹಾಕುತ್ತಿತ್ತು. ಈ ಕೆಲಸ ಅವಳದಲ್ಲ. ಯಾರೋ ಬರೆದಿದ್ದಾರೆ. ಐದು ಬೆರಳಿಗೆ ಕಡಿಮೆ ಎಂದರೂ ಒಂದು ಗಂಟೆ. ಅಂದರೆ ಯಾವನೋ ಒಬ್ಬ ಈ ಕೈಯನ್ನು ಒಂದು ಗಂಟೆ ಹಿಡಿದುಕೊಂಡಿದ್ದಾನೆ.

ಅವನು ಒಂದು ವರ್ಷದಿಂದ ಅವಳನ್ನು ಪ್ರೀತಿಸುತ್ತಿದ್ದ. ಯಾರಿಗೂ ಹೇಳಿರಲಿಲ್ಲ, ಅವಳಿಗಂತೂ ಮೊದಲೇ ಇಲ್ಲ. ಹೇಳಲು ಒಂದೇ ಒಂದು ಸಲ ಹೊರಟಿದ್ದ. ಮೂರು ತಿಂಗಳ ಹಿಂದೆ, ಮುರಿದ ಸ್ಕ್ರೂಡ್ರೈವರಿನ ತುದಿಯನ್ನು ಉಜ್ಜುವ ಯಂತ್ರಕ್ಕೆ ಕೊಟ್ಟು ಗುಂಡಗೆ ಮಾಡಿ, ಚುಕ್ಕೆ ಇಡುವ ಕಡ್ಡಿಯೊಂದನ್ನು ತಯಾರಿಸಿದ್ದ. ಅದನ್ನು ಜೇಬಿನಲ್ಲಿಟ್ಟುಕೊಂಡು ಕೌಂಟರಿಗೆ ಹೋಗಿ, 'ನಿಮ್ಮ ಬಲಗೈಗೆ ನಾನು ಬರೀಲಾ' ಎಂದು ಕೇಳುವುದು ಅವನ ಪ್ಲಾನು. ಎದುರಿಗೆ ನಿಂತಾಗ ಬಾಯಿಂದ ಬಂದದ್ದು, "ಏನ್ರೀ, ನಿಮ್ಮ ಬಲಗೈಗೆ ಯಾರೂ ದಿಕ್ಕಿಲ್ವಾ?"

ಅವಳು ನಕ್ಕಿದ್ದಳು. ಜೋಕು ಚೆನ್ನಾಗಿಯೇ ಇತ್ತು ಅಂದುಕೊಂಡು ಇವನೂ ನಕ್ಕು ವಾಪಸು ಬಂದಿದ್ದ, ಮಹಾರಾಯ. ಕಡ್ಡಿ ಅಂದಿನಿಂದ ಡ್ರಾಯರಿನಲ್ಲಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಕೈ ತೊಳೆಯಲು ಹೋದವನಿಗೆ ಗೋಡೆಯ ಆಚೆಯಿಂದ ಅವಳ ದನಿ ಕೇಳಿಸಿತು. ಬೇರೆ ಊರಿನಲ್ಲಿದ್ದ ಅಕ್ಕನ ಜೊತೆ ಫೋನು.

"ಅಕ್ಕಾ, ಎಡಚ ಕೊನೆಗೂ ದಾರಿಗೆ ಬಂದ ಕಣೇ! ಮೂರು ತಿಂಗಳು ಹಿಡೀತು. ಮೊದಮೊದಲು ಎಷ್ಟು ನಡುಗ್ತಿದ್ದ ಗೊತ್ತಾ? ಈಗ ಫೋಟೋ ನೋಡು, ಐದೂ ಬೆರಳು ಅವನದೇ ಕೆಲಸ." ಸ್ವಲ್ಪ ಹೊತ್ತು ನಗು. "ಹೂಂ… ಇನ್ಮೇಲೆ ನನಗೆ ಬೇರೆ ಯಾರೂ ಬೇಡ ಬಿಡು."

ಸ್ಕ್ರೂ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತ. ಎಡಚ! ನಡುಗುವ ಕೈ! ಮೂರು ತಿಂಗಳು! ಬೇರೆ ಯಾರೂ ಬೇಡ!

ಅವತ್ತು ಮಧ್ಯಾಹ್ನ ಅವನು ಕಿಂಡಿಯಲ್ಲಿ ಇಣುಕುತ್ತ, ಪ್ರಪಂಚದಲ್ಲಿ ಎಡಗೈಯವರು ಎಷ್ಟು ಜನ ಇದ್ದಾರೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಂಗಡಿ ಯಜಮಾನರು ಸಹಿ ಹಾಕುವುದು ಬಲಗೈಯಲ್ಲಿ. ಕಾಫಿ ತಂದವನು ಬಲಗೈ. ಕೊರಿಯರಿನವನೂ ಬಲಗೈ, ಪಾಪ, ಅವನ ಮೇಲೆ ಇದ್ದ ಅನುಮಾನ ಅಷ್ಟಕ್ಕೇ ಮುಗಿಯಿತು.

ನಾಲ್ಕು ಗಂಟೆಗೆ ಫ್ರೇಮ್ ಕಂಪನಿಯ ಸೇಲ್ಸ್‌ಮನ್ ಬಂದ. ಪ್ರತಿ ಮಂಗಳವಾರ ಬರುವವನೇ. ಇಸ್ತ್ರಿ ಮಾಡಿದ ಶರ್ಟು, ಬೀದಿ ತಿರುವಿನಿಂದಲೇ ಮೂಗಿಗೆ ಬಡಿಯುವ ಸೆಂಟು. ಬ್ಯಾಗು ತೆರೆದ, ಹೊಸ ಫ್ರೇಮು ಹರಡಿದ, ಆರ್ಡರ್ ಬರೆದುಕೊಳ್ಳಲು ಪೆನ್ನು ತೆಗೆದ.

ಎಡಗೈಯಲ್ಲಿ.

"ಅರೆ, ಮೇಡಂ! ಎರಡೂ ಕೈ ಸೂಪರ್ ಆಗಿದೆಯಲ್ಲ! ಯಾರದು ಈ ಕಲೆ?" ಎಂದ ಸೇಲ್ಸ್‌ಮನ್.

"ಅದು ಸೀಕ್ರೆಟ್ ಸಾರ್," ಎಂದಳು ಅವಳು, ನಗುತ್ತ.

ಕಳ್ಳ! ಬರೆದವನೂ ಇವನೇ, ಹೊಗಳುವವನೂ ಇವನೇ! ಸ್ಕ್ರೂಗೆ ಮೈಯೆಲ್ಲ ಉರಿದುಹೋಯಿತು. ಇದ್ದ ಕೋಪವನ್ನೆಲ್ಲ ಕೈಗೆ ತಂದುಕೊಂಡು, ಅಂದು ಸಂಜೆ ಒಯ್ಯಬೇಕಿದ್ದ ಒಬ್ಬ ತಾತನ ದುಂಡು ಕನ್ನಡಕವನ್ನು ಮುಗಿಸಿದ. ಟ್ರೇಯನ್ನು ಕಿಂಡಿಯಿಂದ ಆಚೆಗೆ ದಬ್ಬಿದ ರಭಸಕ್ಕೆ ಕೌಂಟರಿನ ಮೇಲಿದ್ದ ಕನ್ನಡಿ ಅಲುಗಿತು.

ಮರುದಿನ ಬಾಗಿಲು ತೆಗೆದ ಕೂಡಲೇ ತಾತ ಹಾಜರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕನ್ನಡಕ.

"ಅಲ್ಲಮ್ಮಾ, ಇದನ್ನ ಹಾಕ್ಕೊಂಡ್ರೆ ಮೆಟ್ಟಿಲು ಒಂದು ಕಡೆ ಇರುತ್ತೆ, ನನ್ನ ಕಾಲು ಇನ್ನೊಂದು ಕಡೆ ಹೋಗುತ್ತೆ. ನನ್ನ ಹೆಂಡತಿ ಓರೆಯಾಗಿ ಕಾಣ್ತಾಳೆ. ಹಾಗಂತ ಹೇಳಿ ಬೈಸಿಕೊಂಡಿದ್ದೂ ಆಯ್ತು."

ಯಜಮಾನರು ಇನ್ನೂ ಬಂದಿರಲಿಲ್ಲ, ಸ್ಕ್ರೂನ ಪುಣ್ಯ. ಅವಳು ತಾತನನ್ನು ಕೂರಿಸಿ, ನೀರು ಕೊಟ್ಟು, ಚೀಟಿ ಹಿಡಿದು ನೋಡಿದಳು. ಟ್ರೇಯನ್ನು ಕಿಂಡಿಯಿಂದ ತಳ್ಳಲಿಲ್ಲ. ತಾನೇ ಎತ್ತಿಕೊಂಡು ಹಿಂದಿನ ಕೋಣೆಗೆ ಬಂದಳು.

"ಬಲಗಣ್ಣಿನ ಲೆನ್ಸು ಎಡಕ್ಕೆ, ಎಡಗಣ್ಣಿಂದು ಬಲಕ್ಕೆ ಹಾಕಿದೀರ," ಎಂದಳು ತಗ್ಗಿದ ದನಿಯಲ್ಲಿ. "ನಿಮ್ಮ ಕೈಯಿಂದ ಈ ತಪ್ಪು ಆಗೋದೇ ಇಲ್ಲ. ಏನಾಗಿದೆ ನಿಮಗೆ?"

"ಏನೂ ಆಗಿಲ್ಲ. ಕೊಡಿ, ಸರಿ ಮಾಡ್ತೀನಿ."

"ನಿನ್ನೆಯಿಂದ ನೋಡ್ತಿದೀನಿ. ಟ್ರೇ ದಬ್ಬೋದು, ಮುಖ ಊದಿಸ್ಕೊಂಡಿರೋದು. ಯಾರ ಮೇಲೆ ಕೋಪ?"

"ನನ್ನ ಕೋಪ ಕಟ್ಕೊಂಡು ನಿಮಗೇನಾಗ್ಬೇಕು? ಈಗೆಲ್ಲ ಎಡಗೈಯವರದೇ ಕಾಲ."

"ಯಾವ ಎಡಗೈಯವರು?"

"ಅವನೇ, ಆ ಸೆಂಟಿನ ಸೇಲ್ಸ್‌ಮನ್ನು. ನಿಮ್ಮ ಎಡಚ. ಫೋನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಒಂದು ಕೈಯಿಂದ ಬಾಯಿ, ಇನ್ನೊಂದು ಕೈಯಿಂದ ಮೇಜು ಹಿಡಿದುಕೊಂಡು, ಹೊರಗೆ ತಾತನಿಗೆ ಕೇಳಿಸದ ಹಾಗೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಎಡಚ ಯಾರು ಅಂತ ತೋರಿಸ್ಲಾ?"

ಅವನ ಜೇಬಿನ ಪೆನ್ನನ್ನು ಎಡಗೈಯಲ್ಲಿ ಎಳೆದುಕೊಂಡಳು. ಚೀಟಿಯ ಹಿಂಬದಿಯಲ್ಲಿ, ಅದೇ ಕೈಯಿಂದ, ಸ್ವಲ್ಪ ಸೊಟ್ಟ ಆದರೆ ಸ್ಪಷ್ಟವಾಗಿ ಮೂರು ಅಕ್ಷರ ಬರೆದಳು: ಎಡಚ. ಪೆನ್ನಿಟ್ಟು ಎಡಗೈಯನ್ನು ಅವನ ಮುಖದ ಮುಂದೆ ಹಿಡಿದಳು.

"ಇವನೇ. ನಮಸ್ಕಾರ ಹೇಳಿ."

ಸ್ಕ್ರೂಗೆ ಎದೆಯ ಮೇಲಿದ್ದ ಭಾರ ಇಳಿದು, ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. "ನೀವೇ… ಎಡಗೈಯಲ್ಲಿ?"

"ನಾನೇ. ಮೂರು ತಿಂಗಳು ಹಲ್ಲುಜ್ಜಿದ್ದು ಎಡಗೈಯಲ್ಲಿ. ತಲೆ ಬಾಚಿದ್ದು, ಸಾಮಾನಿನ ಪಟ್ಟಿ ಬರೆದಿದ್ದು, ಎಲ್ಲ. ಕೈ ನಡುಗದ ಹಾಗೆ ಮಣಿಕಟ್ಟನ್ನ ದಪ್ಪ ಪುಸ್ತಕದ ಮೇಲೆ ಊರಬೇಕು. ಬ್ರಶ್ಶನ್ನ ಆಡಿಸಬಾರದು, ಬರೆಸಿಕೊಳ್ಳೋ ಬೆರಳನ್ನೇ ಮೆಲ್ಲಗೆ ತಿರುಗಿಸಬೇಕು. ಉಗುರಿನ ಸುತ್ತ ಮೊದಲೇ ಬಿಳಿ ಗಮ್ಮು ಹಚ್ಚಿಬಿಟ್ರೆ ಚೆಲ್ಲಿದ ಬಣ್ಣ ಗಮ್ಮಿನ ಜೊತೆ ಸುಲಿದು ಬರುತ್ತೆ." ಹೆಮ್ಮೆಯಿಂದ ಶುರುವಾದ ಮಾತು ಅಷ್ಟಕ್ಕೆ ನಿಂತಿತು. ನಗು ಹೋಗಿತ್ತು. "ಯಾಕೆ ಕಲಿತೆ ಅಂತ ಕೇಳಲ್ವಾ?"

"ಯಾಕೆ?"

"ನೀವು ಕೇಳಿದ್ರಲ್ಲ, ಬಲಗೈಗೆ ಯಾರೂ ದಿಕ್ಕಿಲ್ವಾ ಅಂತ. ನಗ್ತಾ ನಗ್ತಾ ಮನೆಗೆ ಹೋಗಿ ಹತ್ತೂ ಬೆರಳು ಒರೆಸಿ ಹಾಕಿದೆ. ಅಕ್ಕ ಮದುವೆಯಾಗಿ ಹೋದ್ಮೇಲೆ ನನ್ನ ಬಲಗೈಗೆ ಬರೆಯೋರು ಯಾರೂ ಇಲ್ಲ. ಅದು ನನಗೆ ಗೊತ್ತಿತ್ತು ರೀ. ಅದನ್ನ ನೀವು, ಅದರಲ್ಲೂ ನೀವು, ಎತ್ತಿ ಆಡಬೇಕಿತ್ತಾ?"

ಹೊಟ್ಟೆಕಿಚ್ಚು ಎಷ್ಟೋ ವಾಸಿ ಅನ್ನಿಸಿತು ಅವನಿಗೆ. ಬೇರೆಯವನೊಬ್ಬ ಇದ್ದಿದ್ದರೆ ಅವನನ್ನಾದರೂ ಬೈಯಬಹುದಿತ್ತು. ಇಲ್ಲಿ ಯಾರೂ ಇರಲಿಲ್ಲ. ತಾನು ಆಡಿದ ಒಂದು ಮಾತಿಗೆ, ಯಾರೂ ಬೇಡದ ಹಾಗೆ ಇರುವುದನ್ನು ಅವಳು ಮೂರು ತಿಂಗಳು ಕೂತು ಕಲಿತಿದ್ದಳು.

ಡ್ರಾಯರು ಎಳೆದ. ಸಣ್ಣ ಸ್ಪ್ರಿಂಗುಗಳ, ಮೂಗಿನ ಪ್ಯಾಡುಗಳ ಕೆಳಗಿಂದ ಕಡ್ಡಿಯನ್ನು ತೆಗೆದು ಅವಳ ಮುಂದಿಟ್ಟ. ಅವಳು ಅದರ ಗುಂಡು ತುದಿಯನ್ನು ಬೆರಳಿಂದ ಮುಟ್ಟಿ ನೋಡಿದಳು. ಚುಕ್ಕೆ ಇಡುವವಳಿಗೆ ಅದೇನೆಂದು ಹೇಳಿಕೊಡಬೇಕಿರಲಿಲ್ಲ.

"ಯಾವಾಗ ಮಾಡಿದ್ದು?"

"ಅವತ್ತೇ. ಇದನ್ನ ಕೊಟ್ಟು, ಬಲಗೈಗೆ ನಾನು ಬರೀಲಾ ಅಂತ ಕೇಳೋಕೆ ಬಂದಿದ್ದೆ. ಬಾಯಿಗೆ ಬಂದಿದ್ದು ಆ ದರಿದ್ರ ಮಾತು."

"ಮೂರು ತಿಂಗಳು ಡ್ರಾಯರಲ್ಲಿ ಇಟ್ಕೊಂಡು ಕೂತಿದ್ರಾ?"

"ಹೂಂ."

"ತಡ ಆಯ್ತಲ್ಲ ಸ್ಕ್ರೂ ಸಾರ್. ಎಡಚ ಕಲಿತುಬಿಟ್ಟ."

"ಗೊತ್ತು. ಅವನು ಯಾರು ಅಂತ ಗೊತ್ತಾದ್ಮೇಲೂ ಅವನ ಮೇಲೆ ನನ್ನ ಹೊಟ್ಟೆ ಉರೀತಾನೇ ಇದೆ."

"ನನ್ನ ಕೈ ಮೇಲೇನೇ?"

"ಮತ್ತೆ? ನಿಮ್ಮ ಬಲಗೈನ ಬೇಕಾದಾಗ ಹಿಡ್ಕೊಳ್ಳೋದು ಅವನೊಬ್ಬನೇ ಅಲ್ವಾ? ಅವನಿಗಿರೋ ಸಲಿಗೆ ನನಗೂ ಬೇಕು ಅಂತ ಒಂದು ವರ್ಷದಿಂದ ಆಸೆ ಪಡ್ತಿದೀನಿ."

ಹೊರಗೆ ತಾತ ಕೆಮ್ಮಿದರು. ಅವಳು ಲೆನ್ಸಿನ ಮೇಲಿನ ಗುರುತು ಒರೆಸಲು ಇಟ್ಟಿದ್ದ ಅಸಿಟೋನಿನ ಸೀಸೆಯಿಂದ ಹತ್ತಿಗೆ ಎರಡು ಹನಿ ಹಾಕಿಕೊಂಡು, "ಇದು ಸ್ವಲ್ಪ ಬೇಕು," ಎಂದು ಹೊರಟುಹೋದಳು. ಉಗುರಿನ ಬಣ್ಣವನ್ನೆಲ್ಲ ಮತ್ತೆ ಒರೆಸಿ ಹಾಕುತ್ತಾಳೆ ಅಂದುಕೊಂಡ ಸ್ಕ್ರೂ. ಲೆನ್ಸ್ ಬಿಚ್ಚಿ, ಬಲವನ್ನು ಬಲಕ್ಕೆ ಎಡವನ್ನು ಎಡಕ್ಕೆ ಕೂರಿಸಿ, ತಲೆ ಎತ್ತದೆ ಟ್ರೇ ತಳ್ಳಿದ. ತಾತ ಹಾಕಿಕೊಂಡು ನೋಡಿ, ಹೆಂಡತಿಯನ್ನು ನೇರವಾಗಿ ನೋಡಲು ಮನೆಗೆ ಹೊರಟರು.

ಖಾಲಿ ಟ್ರೇ ವಾಪಸು ಬಂತು. ಅದರಲ್ಲಿ ಒಂದು ನೀಲಿ ಸೀಸೆ. ಸೀಸೆಯ ಹಿಂದೆಯೇ ಬಲಗೈ ಬಂದು ಟ್ರೇಯ ಮೇಲೆ ಅಂಗಾತವಾಗದೆ, ಉಗುರು ಮೇಲಾಗಿ ಮಲಗಿತು. ನಾಲ್ಕು ಬೆರಳು ಹಾಗೇ ಇದ್ದವು. ಹೆಬ್ಬೆರಳು ಮಾತ್ರ ಬೋಳು.

"ಒಂದು ಬೆರಳು ಖಾಲಿ ಇದೆ," ಎಂದಿತು ಆಚೆಯಿಂದ ದನಿ. "ಸದ್ಯಕ್ಕೆ ಒಂದೇ. ಬೇಕಾದ್ರೆ ಬರೀರಿ."

ಸ್ಕ್ರೂ ಕಡ್ಡಿ ಅದ್ದಿದ. ಎಡಗೈಯಿಂದ ಅವಳ ಬೆರಳನ್ನು ಹಿಡಿದ. ಅದು ಬೆಚ್ಚಗಿತ್ತು, ಅಸಿಟೋನಿನ ವಾಸನೆಯಿತ್ತು. ಸಾಸಿವೆಗಿಂತ ಸಣ್ಣದನ್ನು ಒಂದೇ ಸಲಕ್ಕೆ ಕೂರಿಸುವ ಕೈ ಇಟ್ಟ ಮೊದಲ ಚುಕ್ಕೆ ದಪ್ಪಗಾಯಿತು. ಎರಡನೆಯದು ಹೋಗಿ ಅದಕ್ಕೇ ಅಂಟಿಕೊಂಡಿತು. ಮೂರನೆಯದು ಉಗುರು ಬಿಟ್ಟು ಚರ್ಮದ ಮೇಲೆ ಬಿತ್ತು.

"ಕೈ ಕೊಡ್ತಿದೆ ಕಣ್ರೀ ನನ್ನ ಕೈ," ಎಂದ ಸಂಕಟದಿಂದ.

ಕಿಂಡಿಯಲ್ಲಿ ಕಣ್ಣುಗಳು ಬಗ್ಗಿದವು. "ಕೈ ಕೊಟ್ಟಿರೋದು ನಾನು. ನೀವು ಸುಮ್ನೆ ಬರೀರಿ."

ಮುಂದಿನ ಮಂಗಳವಾರ ಸೇಲ್ಸ್‌ಮನ್ ಬಂದಾಗ ಅವಳ ಒಂಬತ್ತು ಉಗುರಿಗೆ ಹೊಸ ಬಣ್ಣ ಬಂದಿತ್ತು, ತಿಳಿ ಹಳದಿ, ಮೇಲೆ ಎಳೆ ಎಲೆ. ಬಲಗೈ ಹೆಬ್ಬೆರಳಲ್ಲಿ ಅದೇ ಹಳೆಯ ಮೂರು ನೀಲಿ ಮಚ್ಚೆ, ಚರ್ಮದ ಮೇಲಿನದು ಅರ್ಧ ಅಳಿಸಿತ್ತು. ಅವಳು ಅದೇ ಕೈಯನ್ನು ಮುಂದೆ ಮಾಡಿ ಆರ್ಡರ್ ಪುಸ್ತಕ ತೆಗೆದುಕೊಂಡಳು.

"ಒಂಬತ್ತು ಸೂಪರ್ ಮೇಡಂ," ಎಂದ ಅವನು. "ಈ ಹೆಬ್ಬೆರಳಿಗೆ ಏನಾಯ್ತು? ಅವಸರದಲ್ಲಿ ಮಾಡಿಕೊಂಡ್ರಾ?"

"ಇಲ್ಲ ಸಾರ್," ಎಂದಳು ಅವಳು, ಕಿಂಡಿಯ ಒಳಗೂ ಕೇಳುವಷ್ಟು ಗಟ್ಟಿಯಾಗಿ. "ಇದು ಮಾಡಿಕೊಂಡಿದ್ದಲ್ಲ, ಮಾಡಿಸಿಕೊಂಡಿದ್ದು."

ಒಳಗಡೆ ಸಣ್ಣದೊಂದು ಸ್ಕ್ರೂ ನೆಲಕ್ಕೆ ಬಿದ್ದ ಸದ್ದಾಯಿತು. ಹುಡುಕಲು ಯಾರೂ ಬಗ್ಗಲಿಲ್ಲ.