ಬಿ ಸೊನ್ನೆ ಬಿಂ

ಆ ದಿನ ಬೆಳಿಗ್ಗೆ ರಾಣೆಬೆನ್ನೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಅಂಧರ ಶಾಲೆಯ ಗೇಟಿನೆದುರಿನ ಬೇವಿನ ಮರವೂ ಕಾಣುತ್ತಿರಲಿಲ್ಲ. ಗೇಟು ಮಾತ್ರ ತನ್ನ ಕೆಲಸ ಬಿಟ್ಟಿರಲಿಲ್ಲ. "ಮಂಜು ಬಿದ್ದೈತ್ರಿ, ಮೆಟ್ಟಲಾ ಜಾರ್ತಾವ, ಸಾವಕಾಶ ಬರ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿತ್ತು. ಒಳಗೆ ನೀರಿನ ಟಾಕಿ ತನ್ನ ಮಟ್ಟ ಹೇಳುತ್ತಿತ್ತು. ಒಲೆ ಅನ್ನ ಬೆಂದಿತೆನ್ನುತ್ತಿತ್ತು.

ಇದು ಎರಡು ಸಾವಿರದ ಅರವತ್ತೆರಡನೆಯ ಇಸವಿಯ ಮಾತು. ಎಲ್ಲ ಯಂತ್ರಗಳ ಹೊಟ್ಟೆಯಲ್ಲೂ ಅವರೆಕಾಳಿನಷ್ಟು ದೊಡ್ಡದೊಂದು ನುಡಿಸೇತು ಇತ್ತು. ಮನುಷ್ಯರ ಮಾತನ್ನು ಯಂತ್ರಕ್ಕೆ, ಯಂತ್ರದ ಇಂಗಿತವನ್ನು ಮನುಷ್ಯರಿಗೆ ದಾಟಿಸುವುದು ಅದರ ಕಾಯಕ. ಅದನ್ನು ಕಂಡುಹಿಡಿದವಳು ಇದೇ ಶಾಲೆಯ ಅಡುಗೆಯವಳ ಮಗಳು, ಡಾಕ್ಟರ್ ಮಂದಾಕಿನಿ. ಆಮೇಲೆ ಅಕ್ಷರ ಕುಟ್ಟುವುದನ್ನು ಲೋಕ ಮರೆಯಿತು. ಬ್ರೈಲ್ ಪುಸ್ತಕಗಳೂ ನಿಂತವು. "ಕಿವಿಗೆ ಬಿದ್ದರೆ ಸಾಕಲ್ಲ, ಇನ್ನು ಚುಕ್ಕಿ ತಡವುವುದು ಯಾಕೆ?" ಎಂದು ತುಂಬಿದ ಸಭೆಯಲ್ಲಿ ಹೇಳಿದವಳೂ ಅವಳೇ.

ಗೇಟಿನ ಮಾತು ಮುಟ್ಟದ ಒಂದೇ ಒಂದು ಜೀವ ಆ ಶಾಲೆಯಲ್ಲಿತ್ತು. ಅವರು ಶಾಲೆಯ ಹಳೆಯ ಶಿಕ್ಷಕಿ, ನೀಲಮ್ಮ ಅಕ್ಕೋರು. ಹುಟ್ಟುತ್ತಲೇ ಕಣ್ಣಿಲ್ಲ, ಕಳೆದ ಶ್ರಾವಣದ ಜ್ವರ ಕಿವಿಯನ್ನೂ ಒಯ್ದಿತ್ತು. ಅಂಗೈ ಮೇಲೆ ಚುಕ್ಕಿ ಒತ್ತಿ ಹೇಳಿದರೆ ಅವರಿಗೆ ತಿಳಿಯುತ್ತಿತ್ತು. ಆದರೆ ಇಡೀ ಶಾಲೆಯಲ್ಲಿ ಚುಕ್ಕಿ ಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಆರು ತಿಂಗಳಿಂದ ಅವರೊಡನೆ ಯಾರೂ ಒಂದು ಮಾತೂ ಆಡಿರಲಿಲ್ಲ.

ಚಿಕ್ಕಂದಿನಲ್ಲಿ ಅಕ್ಕೋರಿಂದಲೇ ಚುಕ್ಕಿ ಕಲಿತಿದ್ದ ಮಂದಾಕಿನಿ ಸುದ್ದಿ ತಿಳಿದು ಓಡಿಬಂದಿದ್ದಳು. ಅಕ್ಕೋರು ಅವಳ ಬೆರಳು ಹಿಡಿದು ಗುರುತಿಸಿ ಕೇಳಿದ್ದು ಒಂದೇ: "ಮಂದಾ, ನನ್ನ ಪುಸ್ತಕ ಎಲ್ಲೈತವಾ?"

ಅದು ಅಕ್ಕೋರು ತಮ್ಮ ಅವ್ವ ಹೇಳಿದ ಕತೆಗಳನ್ನು ಮೊಳೆಯಿಂದ ಚುಚ್ಚಿ ಚುಚ್ಚಿ ಬರೆದಿದ್ದ ದಪ್ಪ ಪುಸ್ತಕ. ನುಡಿಸೇತುವಿಗೆ ಹಳ್ಳಿಯ ಮಾತು ಕಲಿಸಲೆಂದು ಮಂದಾಕಿನಿ ಅದನ್ನು ಒಯ್ದಿದ್ದಳು. ಹದಿನೈದು ದಿನವೆಂದು ಹೇಳಿ ಹನ್ನೆರಡು ವರ್ಷವಾಗಿತ್ತು. ಪ್ರಯೋಗಾಲಯ ಬದಲಿಸುವಾಗ ಅದು ರದ್ದಿಗೆ ಹೋಯಿತೆಂದು ಹೇಳುವ ಧೈರ್ಯ ಅವಳಿಗಾಗಿರಲಿಲ್ಲ. ಕತೆಗಳು ಮಾತ್ರ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಅವನ್ನು ಮತ್ತೆ ಚುಕ್ಕಿಗೆ ಇಳಿಸಬೇಕಿತ್ತು.

ಉಗ್ರಾಣದಲ್ಲಿ ನಲವತ್ತು ವರ್ಷ ಹಳೆಯ ಬ್ರೈಲ್ ಮುದ್ರಣಯಂತ್ರ ಸಿಕ್ಕಿತು. ಅದರ ಬೆನ್ನಿಗೆ ತಂತಿ ಚುಚ್ಚುವ ಒಂಬತ್ತು ಸೂಜಿಯ ಬಾಯಿ. ಅದಕ್ಕೆ ತಕ್ಕ ಸೀರಿಯಲ್ ಅಡಾಪ್ಟರನ್ನು ಜವಾನ ಹುಸೇನ್‌ಸಾಬರು ಟ್ರಂಕಿನಿಂದ ತೆಗೆದುಕೊಟ್ಟರು. ಕಂಪ್ಯೂಟರಿನ ಮಾತನ್ನು ಒಂದರ ಹಿಂದೊಂದು ಸಾಲು ಹಚ್ಚಿ ದಾಟಿಸುವ ಗೇಣುದ್ದದ ತಂತಿ ಅದು. ಚುಚ್ಚಿದೊಡನೆ ಕಂಪ್ಯೂಟರು ಅದಕ್ಕೊಂದು ಹೆಸರಿಟ್ಟಿತು: ಟಿಟಿವೈ ಯುಎಸ್‌ಬಿ ಸೊನ್ನೆ.

"ಟಿಟಿವೈ ಯುಎಸ್‌ಬಿ ಸೊನ್ನೆಗೆ ಕತೆ ಕಳಿಸು" ಎಂದಳು ಮಂದಾಕಿನಿ.

"ಟಿಟಿವೈ ಯುಎಸ್‌ಬಿಂ ಎಂಬುದು ಇಲ್ರೀ" ಎಂದಿತು ನುಡಿಸೇತು.

"ಬಿಂ ಅಲ್ಲ. ಬಿ, ಸೊನ್ನೆ."

"ಹೌದ್ರೀ. ಬಿ ಸೊನ್ನೆ ಬಿಂ."

ಮಂದಾಕಿನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಕಾಗುಣಿತ ಕಲಿಯುವ ಮಕ್ಕಳಿಗೆ ಅನುಕೂಲವಾಗಲೆಂದು, ಅಕ್ಷರದ ಮುಂದೆ ಸೊನ್ನೆ ಎಂದರೆ ಅನುಸ್ವಾರವೆಂದು ಅದಕ್ಕೆ ಕಲಿಸಿದವಳು ತಾನೇ.

"ಅಂಕಿ ಸೊನ್ನೆ!"

"ಅಂಕಿಂ ಎಂಬುದೂ ಇಲ್ರೀ."

"ಏನೂ ಇಲ್ಲ ಅಂತಾರಲ್ಲ, ಆ ಸೊನ್ನೆ, ಮಾರಾಯಾ!"

"ಏನೂ ಇಲ್ಲದ್ದಕ್ಕ ಏನು ಕಳಿಸಲ್ರೀ?"

ಹುಸೇನ್‌ಸಾಬರು ಬಾಗಿಲಿಗೆ ಒರಗಿ ನಕ್ಕರು. "ಏನ್ರೀ ಡಾಕ್ಟರ, ನೀವಾ ಹಡದ ಕೂಸು ನಿಮ್ಮ ಮಾತಾ ಕೇಳವಲ್ದಲ್ರೀ?"

"ನಗಬ್ಯಾಡ ಚಾಚಾ. ಹಳೇ ಕೀಲಿಮಣಿ ಐತೇನು ನೋಡು."

ಇತ್ತು, ಅವರ ಚಹಾದ ಲೋಟಗಳ ಕೆಳಗೆ. ಒಂದು ಗುಂಡಿಯ ಮೇಲೂ ಅಕ್ಷರ ಉಳಿದಿರಲಿಲ್ಲ. ಆಜ್ಞೆಗಳನ್ನು ಕುಟ್ಟಿ ಹೇಳುವ ಕಪ್ಪು ಕಿಟಕಿ ತೆರೆದುಕೊಂಡಿತು. ಮಂದಾಕಿನಿ ಒಂದು ಒತ್ತಿದರೆ ಇನ್ನೊಂದು ಮೂಡುತ್ತಿತ್ತು. ಐದನೆಯ ಸಲ ತಪ್ಪಿದಾಗ ಅವಳು ಮೇಜನ್ನೇ ಗುದ್ದಿದಳು.

ಆ ಅದುರು ಪಕ್ಕದಲ್ಲಿ ಕುಳಿತ ಅಕ್ಕೋರಿಗೆ ಮುಟ್ಟಿತು. "ಯಾರ ಮ್ಯಾಲವಾ ಸಿಟ್ಟು?" ಎನ್ನುತ್ತ ಮೇಜು ತಡವಿದರು. ಕೈಗೆ ಕೀಲಿಮಣೆ ಸಿಕ್ಕಿತು. ಅದರ ಪಕ್ಕದ ತಂತಿಯೂ ಸಿಕ್ಕಿತು. ಅವರ ಮುಖ ಅರಳಿತು. "ಶಿವನ! ನಮ್ಮ ಯಂತ್ರಾ ಹಚ್ಚೀರೇನು? ಸರಿ ಆ ಕಡೆ. ಮೂವತ್ತು ವರ್ಷ ಇದನ್ನ ಓಡಿಸಾಕಿ ನಾನು."

ಕಳಿಸಬೇಕಾದ ಕಡತದ ಹೆಸರನ್ನೂ ತಂತಿಯ ಹೆಸರನ್ನೂ ಮಂದಾಕಿನಿ ಅಂಗೈಗೆ ಒತ್ತಿದಳು. ಎಂಬತ್ತರ ಬೆರಳುಗಳು ಗುಂಡಿಗಳ ಮೇಲೆ ಇಳಿದವು. ಅಕ್ಷರವಳಿದ ಕೀಲಿಮಣೆಯಿಂದ ಅವಕ್ಕೇನೂ ತೊಂದರೆಯಿರಲಿಲ್ಲ. ಪರದೆ ಕೊಟ್ಟ ಉತ್ತರವನ್ನು ಮಂದಾಕಿನಿ ಅವರ ಅಂಗೈ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತಿದಳು: ಅನುಮತಿ ಇಲ್ಲ.

"ಇದರದು ಹಳೇ ಕೊಬ್ಬು. ತನ್ನ ಗುಂಪಿನವರಿಗಷ್ಟಾ ತಂತಿ ಮುಟ್ಟಾಕ ಬಿಡ್ತೈತಿ." ಅಕ್ಕೋರು ಗುಂಪಿಗೆ ಸೇರಿಸುವ ಆಜ್ಞೆ ಕುಟ್ಟಿ, "ಈಗ ಹೊರಗ ಹೋಗಿ ಮತ್ತ ಒಳಗ ಬರಬೇಕು" ಎಂದರು.

ಹುಸೇನ್‌ಸಾಬರು ಎದ್ದು ಹೊರಗೆ ಹೋಗಿ, ಮತ್ತೆ ಒಳಗೆ ಬಂದು ನಿಂತರು.

ಮಂದಾಕಿನಿ ಅದನ್ನು ಅಕ್ಕೋರ ಕೈಗೆ ಒತ್ತಿ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಂಪ್ಯೂಟರಿಂದಪಾ ಹುಸೇನಾ, ಖೋಲಿಯಿಂದಲ್ಲ!" ಆರು ತಿಂಗಳಲ್ಲಿ ಆ ನಗೆಯನ್ನು ಶಾಲೆ ಕೇಳಿರಲಿಲ್ಲ.

ಯಂತ್ರ ಕಟಕಟ ಎಂದು ಮೊದಲ ಹಾಳೆ ಉಗುಳಿತು. ಅಕ್ಕೋರು ತಡವಿ ಮುಖ ಕಿವುಚಿದರು. "ಇದ್ಯಾವ ಊರ ಭಾಷಾನವಾ?" ಕಳಿಸುವ ವೇಗ ಒಂದು, ಯಂತ್ರ ಕೇಳುವ ವೇಗ ಇನ್ನೊಂದು, ಹೀಗಾದರೆ ಬರೀ ತೊದಲು. ಅವರು ಇನ್ನೊಂದು ಆಜ್ಞೆ ಕುಟ್ಟಿದರು: ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್. "ಎದುರಿನಾಕಿ ಹೆಂಗ ಕೇಳ್ತಾಳ, ಹಂಗ ಹೇಳಬೇಕವಾ. ಇಲ್ಲಾಂದ್ರ ಹೇಳಿದ್ದು ಹೇಳಿದಂಗಲ್ಲ."

ಯಂತ್ರದ ಬಗ್ಗೆಯಷ್ಟೇ ಅಂದ ಮಾತು ಅದು. ಮಂದಾಕಿನಿಗೆ ಬೇರೆ ಕಡೆ ನಾಟಿತು. ಸೇತುವೆ ಕಟ್ಟಿದೆನೆಂಬ ಸಡಗರದಲ್ಲಿ ಅವಳು ದೋಣಿಗಳನ್ನೆಲ್ಲ ಒಡೆಸಿ ಒಲೆಗೆ ಹಾಕಿಸಿದ್ದಳು. ಹತ್ತು ವರ್ಷದ ಹಿಂದೆ, ಹೊಸದು ಬಂದಾಗೆಲ್ಲ ಜನ ಹಳೆಯದನ್ನು ಬಿಸಾಡುತ್ತಿದ್ದ ಕಾಲದಲ್ಲಿ, ಯಾರೋ ಪುಣ್ಯವಂತರು "ಇರಲಿ, ಯಾರಿಗಾದರೂ ಬೇಕಾದೀತು" ಎಂದು ಈ ಗೇಣುದ್ದದ ತಂತಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಆ ಪುಣ್ಯವಂತರಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಮಂಜು ಕರಗುವವರೆಗೆ ಯಂತ್ರ ಅವ್ವನ ಕತೆಗಳನ್ನು ಕುಟ್ಟುತ್ತಲೇ ಇತ್ತು. ಮಂದಾಕಿನಿ ಅಕ್ಕೋರ ಅಂಗೈ ಬಿಡಿಸಿ ಒತ್ತಿದಳು: ನಿಮ್ಮ ಪುಸ್ತಕ ನಾನು ಕಳೆದೆ. ಹೇಳಲು ಅಂಜಿದೆ.

ಅಕ್ಕೋರು ಕೈ ಹಿಂತೆಗೆಯಲಿಲ್ಲ. "ಹದಿನೈದು ದಿನಾ ಅಂದಿದ್ದಿ" ಎಂದರು.

ಮಂದಾಕಿನಿ ಹಾಳೆಗಳ ಅಂಚು ಕೂಡಿಸಿ, ದಾರದಿಂದ ಕಟ್ಟಿ, ಆ ಕಟ್ಟನ್ನು ಅವರ ತೊಡೆಯ ಮೇಲೆ ಇಟ್ಟಳು.