ಎರಡು ಎಳೆ, ಮೂರು ತುಣುಕು

"ತೆಗೆದುಹಾಕಿದ್ದರಲ್ಲಿ ಏನೂ ಇರ್ಲಿಲ್ಲ ಅಂತಾರೆ. ಹಾಗಾದ್ರೆ ಯಾಕೆ ತೆಗೆದ್ರಿ?"

ಎಡಗಡೆಗೆ ಶಾಲು ಎಳೆದುಕೊಂಡು ಆ ಹೆಂಗಸು ಪ್ರಯೋಗಾಲಯದ ಡಾಕ್ಟರಮ್ಮನ ಎದುರು ಕೂತಿದ್ದಳು. ನಲವತ್ತರ ಒಳಗಿನ ವಯಸ್ಸು, ಹೊಲಿಗೆ ಕೆಲಸದವಳು. ಅವಳ ಎದೆಯ ಗಂಟಿನಿಂದ ಸೂಜಿಯಲ್ಲಿ ತೆಗೆದ ಎಳೆಯಂಥ ಚೂರಿನಲ್ಲಿ ಕ್ಯಾನ್ಸರ್ ಇದೆಯೆಂದು ನಮ್ಮ ಪ್ರಯೋಗಾಲಯ ವರದಿ ಕೊಟ್ಟಿತ್ತು. ಅದನ್ನು ನಂಬಿ ಎಡ ಸ್ತನವನ್ನೇ ತೆಗೆದಿದ್ದರು. ಆಮೇಲೆ ಅದನ್ನು ಇಂಚಿಂಚೂ ಕೊಯ್ದು ನೋಡಿದರೆ ರೋಗದ ಸುಳಿವೇ ಇರಲಿಲ್ಲ.

"ಯಾರ ಕೈಯಿಂದ ಆಯ್ತು ಅಂತ ನನಗೆ ಗೊತ್ತಾಗ್ಬೇಕು. ಅಷ್ಟೇ," ಎಂದಳು.

ಕಳೆದುಹೋದ ವರದಿ, ಕಾಣೆಯಾದ ಬೀಗದ ಕೈ, ಯಾರದೋ ಡಬ್ಬಿಯಿಂದ ಮಾಯವಾದ ಊಟ, ಎಲ್ಲಕ್ಕೂ ನಮ್ಮ ಆಸ್ಪತ್ರೆಯ ಜನ ತಟ್ಟುತ್ತಿದ್ದದ್ದು ಡಾಕ್ಟರಮ್ಮನ ಬಾಗಿಲನ್ನೇ. ನಾನು ಅವರ ಟೈಪಿಸ್ಟ್. ಇಪ್ಪತ್ತು ವರ್ಷ ಬಾಲದ ಹಾಗೆ ಹಿಂದೆ ತಿರುಗಿದವನು. ಅವರು ಹಿಡಿದ ಕಳ್ಳರ ಕತೆ ಹೇಳಿ ನಾನು ಎಷ್ಟು ಜಂಬ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಆ ದಿನ ಮಾತ್ರ ಜಂಬಕ್ಕೆ ಬಾಯಿ ಬರಲಿಲ್ಲ.

ಆಡಳಿತದವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ತಪ್ಪು ಹೊಸ ಹುಡುಗಿಯದು. ಶಸ್ತ್ರಚಿಕಿತ್ಸೆಯಿಂದ ಬಂದ ಅಂಗಾಂಶ ಕೊಯ್ಯುವುದನ್ನು ಎಂಟು ತಿಂಗಳಿನಿಂದ, ನಾವೆಲ್ಲ ಮೇಷ್ಟ್ರು ಎನ್ನುವ ಹಿರಿಯ ತಂತ್ರಜ್ಞರ ಹತ್ತಿರ ಕಲಿಯುತ್ತಿದ್ದವಳು ಅವಳು. ಈ ಹೆಂಗಸಿನ ಚೂರು ಬಂದ ವಾರ ಮೇಣದ ಕೋಣೆಯ ಕೆಲಸ ಕಲಿಯಲು ಹೋಗಿದ್ದಳು. ಕೊಯ್ದ ತುಣುಕುಗಳನ್ನು ಮೇಣದಲ್ಲಿ ಕೂರಿಸುವಾಗ ಅವಳ ಚಿಮುಟಕ್ಕೆ ಬೇರೆಯವರ ಚೂರು ಅಂಟಿ ಬಂದಿದೆ ಎಂಬುದು ಅವರ ವಾದ. ಅವಳನ್ನು ತೆಗೆಯುವ ಪತ್ರವನ್ನು ಸಂಜೆ ಐದರೊಳಗೆ ನಾನೇ ಟೈಪ್ ಮಾಡಬೇಕಿತ್ತು. ಅದು ಹೊರಬಿದ್ದರೆ ಇನ್ನು ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

"ನಾನು ಪ್ರತಿ ಸಲ ಚಿಮುಟ ಒರೆಸಿದ್ದೀನಿ ಮೇಷ್ಟ್ರೇ," ಎಂದಿದ್ದಳು ಹುಡುಗಿ.

"ಹಾಗಾದ್ರೆ ಹಾಳೆ ಸುಳ್ಳು ಹೇಳುತ್ತಾ ಮಗೂ?" ಎಂದಿದ್ದರು ಮೇಷ್ಟ್ರು, ನೋವಿನಿಂದಲೇ.

ಹಾಳೆ ಎಂದರೆ ನಾನು ಟೈಪ್ ಮಾಡಿದ್ದು. ಚೂರು ಬಂದ ದಿನ ಕೊಯ್ದವರು ಮೇಷ್ಟ್ರು. ಒಬ್ಬ ರೋಗಿಯ ಅಂಗಾಂಶದ ಡಬ್ಬಿ ಮುಗಿಸಿ ಇನ್ನೊಬ್ಬರದನ್ನು ತೆರೆಯುವ ಮೊದಲು ಕೊಯ್ಯುವ ಹಲಗೆಯ ಮೇಲಿನ ಕಾಗದ ಎಸೆಯಬೇಕು, ಬ್ಲೇಡು ಬದಲಿಸಬೇಕು, ಚಿಮುಟ ತೊಳೆಯಬೇಕು, ಆಮೇಲೆ ಗಟ್ಟಿಯಾಗಿ "ಹಲಗೆ ಖಾಲಿ" ಅನ್ನಬೇಕು. ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವರ ಮೊದಲ ಪಾಠ ಅದು. ಅದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಹಾಳೆಯಲ್ಲಿ ಒಂದೊಂದು ಡಬ್ಬಿಯ ನಂಬರಿನ ಹಿಂದೆಯೂ ಆ ಎರಡು ಪದ ಅಚ್ಚುಕಟ್ಟಾಗಿ ಇದ್ದವು.

ಡಾಕ್ಟರಮ್ಮ ಹಳೆಯ ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. "ಹಾಳೇಲಿ ಏನು ಬಂತು ಅಂತಿದೆ, ಓದಯ್ಯಾ."

"ಎರಡು ಎಳೆ."

"ಈಗ ಇಲ್ಲಿ ನೋಡು."

ಮೂರು ತುಣುಕುಗಳಿದ್ದವು. ಮೂರನೆಯದರ ಅಂಚಿಗೆ ಕೂದಲೆಳೆಯಷ್ಟು ನೀಲಿ ಬಣ್ಣವಿತ್ತು. ಆಮೇಲೆ ಅವರು ಮೇಣದ ಕೋಣೆಯ ಪುಸ್ತಕ ತರಿಸಿ, ಒಂದು ಮಂಗಳವಾರದ ಕೆಳಗೂ ಅದರ ಮಾರನೆಯ ಬುಧವಾರದ ಕೆಳಗೂ ಪೆನ್ಸಿಲ್ ಗೆರೆ ಎಳೆದರು. ಕೊನೆಗೆ ನನ್ನ ಹಾಳೆ ಹಿಡಿದು, ಕಟ್ಟಕಡೆಯ ನಂಬರಿನ ಕೆಳಗೆ ಇನ್ನೆರಡು ಸಾಲಿನಲ್ಲಿ ಬರೀ "ಹಲಗೆ ಖಾಲಿ" ಎಂದಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು.

"ಮೂರು ಗಂಟೆಗೆ ಎಲ್ಲರನ್ನೂ ಕರಿ. ಆ ತಾಯೀನೂ ಬರ್ಲಿ," ಎಂದರು. ನನ್ನ ಮುಖ ನೋಡಲಿಲ್ಲ.

ಕೊಯ್ಯುವ ಕೋಣೆಯಲ್ಲೇ ಸೇರಿದೆವು. ಫಾರ್ಮಲಿನ್ ಘಾಟಿಗೆ ಆ ಹೆಂಗಸು ಕಣ್ಣು ಒರೆಸಿಕೊಳ್ಳುತ್ತಿದ್ದಳು, ಅಥವಾ ಘಾಟಿಗೆಂದು ನಾವು ಅಂದುಕೊಂಡೆವು.

"ಮೊದಲು ನನ್ನ ತಪ್ಪು," ಎಂದು ಡಾಕ್ಟರಮ್ಮ ಶುರುಮಾಡಿದರು. "ಬಂದದ್ದು ಎರಡು ಎಳೆ, ಸ್ಲೈಡ್ ಮೇಲೆ ಮೂರು. ಒಂದು ಮುರಿದಿರ್ಬೇಕು ಅಂದ್ಕೊಂಡು ವರದಿಗೆ ಸಹಿ ಹಾಕಿದೆ. ನೀಲಿ ನನ್ನ ಕಣ್ಣಿಗೆ ಬೀಳಬೇಕಿತ್ತು. ಸೂಜಿ ಎಳೆಗೆ ನಾವು ಬಣ್ಣ ಹಚ್ಚಲ್ಲ. ದೊಡ್ಡ ಭಾಗ ಬಂದಾಗ ಮಾತ್ರ, ಅಂಚು ಯಾವುದು ಅಂತ ಗುರುತಿಗೆ ಹಚ್ತೀವಿ. ಆ ದಿನ ನೀಲಿ ಹಚ್ಚಿದ್ದು ಏಳನೇ ನಂಬರಿಗೆ ಮಾತ್ರ. ಅದು ಕ್ಯಾನ್ಸರ್ ಇದ್ದ ಇನ್ನೊಬ್ಬ ಹೆಂಗಸಿನದು. ಇವರದು ಎಂಟನೇದು."

"ಮೇಣದ ಕೋಣೇಲಿ ಬೆರೆತಿರಬಹುದಲ್ಲ?" ಎಂದರು ಮೇಷ್ಟ್ರು.

"ಆಗಲ್ಲ. ಕೊಬ್ಬಿರೋ ದೊಡ್ಡ ತುಣುಕು ಒಂದು ದಿನ ಹೆಚ್ಚು ಫಾರ್ಮಲಿನ್‌ನಲ್ಲಿ ನೆನೀಬೇಕು. ಈ ಹುಡುಗಿ ಎಂಟನೇದನ್ನ ಮೇಣದಲ್ಲಿ ಕೂರಿಸಿದ್ದು ಮಂಗಳವಾರ. ಏಳನೇದು ಆ ಕೋಣೆಗೆ ಬಂದದ್ದೇ ಬುಧವಾರ. ಎರಡೂ ಒಂದರ ಹಿಂದೆ ಒಂದು ಬಂದದ್ದು ಈ ಹಲಗೆ ಮೇಲೆ, ಸೋಮವಾರ."

"ಹಾಳೇಲಿ ಹಲಗೆ ಖಾಲಿ ಅಂತ ಇದೆಯಲ್ಲ ಅಮ್ಮ," ಎಂದರು ಮೇಷ್ಟ್ರು ಮತ್ತೆ.

ಡಾಕ್ಟರಮ್ಮ ಹಾಳೆಯನ್ನು ನನ್ನ ಮುಂದಿಟ್ಟರು. "ಕೊನೇ ನಂಬರು ಹತ್ತೊಂಬತ್ತು. ಬರದೇ ಇದ್ದ ಇಪ್ಪತ್ತು, ಇಪ್ಪತ್ತೊಂದಕ್ಕೂ ಹಲಗೆ ಖಾಲಿ ಆಗಿದೆ. ಇದನ್ನ ಯಾವಾಗ ಟೈಪ್ ಮಾಡಿದೆಯಯ್ಯಾ?"

ತಪ್ಪು ಬೇರೆಲ್ಲೋ ಇದೆಯೆಂದು ಬೆಳಗಿನಿಂದ ಅವರ ಹಿಂದೆ ಓಡಾಡಿದ್ದೆನಲ್ಲ.

"ಆ ಸೋಮವಾರ ಬೆಳಿಗ್ಗೇನೇ ಅಮ್ಮ, ಕೊಯ್ಯೋಕೆ ಮೊದಲೇ. ಎಲ್ಲಾ ಒಟ್ಟಿಗೆ. ಮೇಷ್ಟ್ರು ಯಾವತ್ತೂ ತಪ್ಪಿದವರಲ್ಲ ಅಂತ."

ಮೇಷ್ಟ್ರು ತಮ್ಮ ಕೈಗಳನ್ನೇ ನೋಡುತ್ತಾ ನಿಂತರು. "ಹಾಳೆ ನೋಡಿ, ನಾನು ಹೇಳಿದ್ದೀನಿ ಅಂತ ನಾನೂ ನಂಬಿಬಿಟ್ಟೆ," ಎಂದರು. "ಕಲಿಯೋರು ಪಕ್ಕದಲ್ಲಿದ್ರೆ ಗಟ್ಟಿಯಾಗಿ ಹೇಳ್ತೀನಿ. ಆ ವಾರ ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಹೇಳೋದು ಬಿಟ್ಟಿದ್ದೆ. ಅದರ ಜೊತೆ ಒಂದ್ಸಲ ತೊಳೆಯೋದೂ ಬಿಟ್ಟಿರ್ತೀನಿ. ನಿನ್ನ ಮೇಲೆ ಹೊರಿಸಿದೆನಲ್ಲ ಮಗೂ."

ಅಲ್ಲಿಯವರೆಗೂ ಅಳದಿದ್ದ ಹುಡುಗಿ ಆಗ ಅತ್ತಳು.

ಐದು ಗಂಟೆಗೆ ನಾನು ಬೇರೆ ಪತ್ರ ಟೈಪ್ ಮಾಡಿದೆ. ಅದರಲ್ಲಿ ಹುಡುಗಿಯ ಹೆಸರಿರಲಿಲ್ಲ. ತಪ್ಪೊಪ್ಪಿಕೊಂಡವರು ಮೂವರು. ಮೊದಲ ಸಹಿ ಡಾಕ್ಟರಮ್ಮನದು, ಎರಡನೆಯದು ಮೇಷ್ಟ್ರದು, ಮೂರನೆಯದು ನನ್ನದು.

ಹೊರಡುವ ಮುನ್ನ ಆ ಹೆಂಗಸು ಮೇಷ್ಟ್ರ ಮುಂದೆ ಬಂದು ನಿಂತಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ಅವತ್ತು ಹೇಳಬೇಕಾಗಿದ್ದ ಮಾತನ್ನ ಒಂದ್ಸಲ ಹೇಳಿ," ಎಂದಳು.

ಮೇಷ್ಟ್ರು ತಲೆ ಎತ್ತಿ ಗಟ್ಟಿಯಾಗಿ ಹೇಳಿದರು. "ಹಲಗೆ ಖಾಲಿ."

ಅವಳು ಇನ್ನೂ ಏನೋ ಇದೆಯೆಂಬಂತೆ ಸ್ವಲ್ಪ ಹೊತ್ತು ಕಾದಳು.

"ಇಷ್ಟೇನಾ?" ಎಂದು ಕೇಳಿ, ಶಾಲು ಸರಿಮಾಡಿಕೊಂಡು ಹೊರಟುಹೋದಳು.