ಮೇಲವ್ನಿ

"ಎಲ್ಲಿ ಹಾಳಾಗ್ಹೋದ್ಯೇ ರಾಧಾಮಣಿ?"

ಅಡುಗೆಮನೆಯಿಂದ ಅತ್ತೆ ಅಂಜಿನಮ್ಮನ ಕೂಗು ಬಂದಾಗ ರಾಧಾಮಣಿ ತಾರಸಿಯ ಮೇಲೆ ರಾಗಿ ಹರವುತ್ತಿದ್ದಳು. ಬಿಸಿಲಿಗೆ ತಲೆ ಕಾದಿತ್ತು. ಯೋಚಿಸದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಮೇಲವ್ನಿ ಅತ್ತೆ!"

ಕೆಳಗೆ ಚೆಂಬು ಬಿತ್ತು. ಉರುಳುರುಳಿ ಗೋಡೆಗೆ ತಗುಲಿ ನಿಂತಿತು. ಅಯ್ಯೋ... ಆ ಮನೆಯಲ್ಲಿ ಆಡಬಾರದ ಮಾತು ಅದೊಂದೇ ಆಗಿತ್ತು! ಓಡಿ ಇಳಿದು ಬಂದರೆ ಅಂಜಿನಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

"ಆವತ್ತೂ ಹಿಂಗೇ ಅಲ್ವೇನೇ ಕೂಗಿದ್ದು? ಕೂಗಿ ನನ್ ಮಗನ್ನ ಬಂಡೆ ಬಾಯಿಗೆ ಹಾಕ್ಬುಟ್ಟೆ! ಇವತ್ತು ಯಾರನ್ನ ನುಂಗಾಕೆ ಕೂಗ್ದೇ?"

ರಾಧಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಹೊಸೂರಿನ ತಳಿ ರಸ್ತೆಯ ಕರಿಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿಗೆ ಬೆಂಕಿ ಇಡುವ ಮುಂಚೆ ಹೆಸರು ಕೂಗುವ ಪದ್ಧತಿಯಿತ್ತು. ಕೂಗುವವನು ಆವುಲಪ್ಪ. ಗುಂಡಿಯಿಂದ ಹತ್ತಿ ಬಂದವನು ತನ್ನ ಹೆಸರು ಕೇಳಿದೊಡನೆ "ಮೇಲವ್ನಿ", ಅಂದರೆ ನಾನು ಮೇಲಿದ್ದೇನೆ, ಅನ್ನಬೇಕು. ಬುತ್ತಿ ತಂದ ಹೆಂಡತಿ ಗಂಡನ ಪರವಾಗಿ "ಮೇಲವ್ರೆ", ಅವರು ಮೇಲಿದ್ದಾರೆ, ಅಂದರೂ ನಡೆಯುತ್ತಿತ್ತು. ಒಬ್ಬ ಓಗೊಡದಿದ್ದರೂ ಯಾರೂ ಕದಲುವಂತಿಲ್ಲ, ಬೆಂಕಿ ಇಡುವಂತಿಲ್ಲ. ಅವರ ಮಾತನ್ನು ಎದುರಿನ ಬಂಡೆಯೂ ತಿರುಗಿ ಹೇಳುತ್ತಿತ್ತು. ಆ ದಿನ ಗಂಡ ಜಗನ್‌ನ ಹೆಸರು ಕರೆದಾಗ ರಾಧಾಮಣಿ ಕಂಡದ್ದು ಅವನ ಹಸಿರು ಟವಲನ್ನು. ಮೇಲೆ ಬರುತ್ತಿದ್ದವನ ತಲೆಗೆ ಅದು ಸುತ್ತಿತ್ತು. "ಮೇಲವ್ರೆ!" ಅಂದಳು. ಟವಲನ್ನು ಜಗನ್ ಬೇರೊಬ್ಬನಿಗೆ ಕೊಟ್ಟಿದ್ದ... ಅವನಿನ್ನೂ ಗುಂಡಿಯಲ್ಲೇ ಇದ್ದ. ಮದ್ದು ಸಿಡಿದು ಬಂಡೆ ಕುಸಿಯಿತು. ಹೆಣವೂ ಸಿಗಲಿಲ್ಲ.

ಕ್ವಾರಿ ಮುಚ್ಚಿತು. ಗುಂಡಿಯಲ್ಲಿ ನೀರು ನಿಂತಿತು. ಈಗ ಅದಕ್ಕೆ ಕೆರೆಯೆಂದು ಹೆಸರು; ಸುತ್ತ ಕಂಬಿ, ಕಲ್ಲುಬೆಂಚು, ದೋಣಿ, ಹೊಸೂರಿನ ಕಾರ್ಖಾನೆಗಳಿಗೆ ಹೋಗಿಬರುವವರ ಮನೆಗಳು. ಕ್ವಾರಿಯವರಿಗೆ ಹಿಂದಿನ ಗೇಟಿನ ಹತ್ತಿರ ಒಂದು ಸಾಲು ಮನೆ ಸಿಕ್ಕಿತು. ನೀರು ಮಾತ್ರ ನಡುಮಧ್ಯಾಹ್ನದಲ್ಲೂ ಕಪ್ಪಗೇ ಇರುತ್ತಿತ್ತು. ಅದು ತುಂಬಿದ ಮೇಲೆ ಎಷ್ಟು ಕೂಗಿದರೂ ಎದುರು ಬಂಡೆ ತಿರುಗಿ ಮಾತಾಡಿದ್ದಿಲ್ಲ.

ಅಂದು ಸಂಜೆ ಅಲ್ಲೇ, ಹಳೆಯ ಹೆಸರು ಕೂಗುವ ಪದ್ಧತಿಯನ್ನು ಮಾಡಿ ತೋರಿಸುವ ಬಡಾವಣೆ ಸಂಘದ ಕಾರ್ಯಕ್ರಮ. ಮಂಡ್ಯದಿಂದ ಬಂದು ನೆಲೆಸಿದ ಶಶಿಕುಮಾರ್ ವಾರದ ಹಿಂದೆಯೇ ಮನೆಗೆ ಬಂದು ಕರೆದಿದ್ದ. "ನಮ್ಮ ಮಕ್ಕಳಿಗೂ ಗೊತ್ತಾಗ್ಲಿ ಅಮ್ಮ, ಇಲ್ಲಿ ಏನು ನಡೀತಿತ್ತು ಅಂತ. ಬದುಕಿರೋರ ಹೆಸರು ಮಾತ್ರ ಕೂಗಿಸ್ತೀವಿ."

"ನಾನು ಬತ್ತೀನಿ. ಇವಳು ಬಾಯಿ ಬಿಡಕೂಡ್ದು," ಅಂದಿದ್ದಳು ಅಂಜಿನಮ್ಮ. ಹಾಗಾಗಿ ರಾಧಾಮಣಿಗೆ ಟೀ ಹಂಚುವ ಕೆಲಸ.

ಹೊತ್ತು ಮುಳುಗುತ್ತಿತ್ತು. ಕಲ್ಲುಧೂಳಿಗೆ ಕಣ್ಣು ಮಂಜಾದ ಆವುಲಪ್ಪ ದಂಡೆಯ ಮೇಲೆ ನಿಂತು ಕೈಯನ್ನು ಬಾಯಿಗೆ ಹಿಡಿದ.

"ಮುನಿಯಲ್ಲಪ್ಪಾ!"

"ಮೇಲವ್ನಿ!" ಕುರ್ಚಿಗಳಿಂದ ಚಪ್ಪಾಳೆ.

"ಹನುಮಯ್ಯಾ!"

"ಮೇಲವ್ನಿ ಕಣಣ್ಣ, ಮಂಡಿ ಮಾತ್ರ ಕೆಳಗೇ ಅವೆ!" ಎಲ್ಲರೂ ನಕ್ಕರು.

ಮುದುಕನ ನಾಲಿಗೆ ಹಳೆಯ ಜಾಡಿನಲ್ಲೇ ಓಡಿತು.

"ಜಗನ್ನಾ!"

ನಗು ನಿಂತಿತು.

"ತಾತಾ, ಮುಂದಿನ ಹೆಸರು..." ಶಶಿಕುಮಾರ್ ಪಿಸುಗುಟ್ಟಿದ.

"ಹೆಂಗ್ ಕರೆಯದಪ್ಪಾ? ಕೂಗ್ಬುಟ್ಟೆ. ಓಗೊಡೋ ಗಂಟ ಮುಂದಕ್ಕೆ ಹೋಗಂಗಿಲ್ಲ."

ಕ್ವಾರಿಯವರು ಯಾರೂ ಕದಲಲಿಲ್ಲ. ಗಾಳಿಯಿರಲಿಲ್ಲ, ಆದರೂ ಕಟ್ಟಿದ್ದ ದೋಣಿಗಳು ಒಂದಕ್ಕೊಂದು ತಾಗತೊಡಗಿದವು. ಠಕ್... ಠಕ್... ಕೆಳಗೆಲ್ಲೋ ಯಾರೋ ಉಳಿಯಿಂದ ಕಲ್ಲು ಬಿಡಿಸುತ್ತಿದ್ದ ಹಾಗೆ. ಅಂಜಿನಮ್ಮ ಎದ್ದಳು. ದೋಣಿ ಹತ್ತುವ ಮೆಟ್ಟಿಲು ಇಳಿದಳು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು.

"ಬಂದೆ ಕಣ್ಲಾ ಮಗ... ಅಲ್ಲೇ ಇರು, ಬಂದೆ..."

ಟೀ ತಟ್ಟೆ ಎಸೆದು ರಾಧಾಮಣಿ ನೀರಿಗೆ ಹಾರಿದಳು. ಅತ್ತೆಯ ರಟ್ಟೆ ಹಿಡಿದು ಎಳೆದಳು.

"ಮುಂದೆ ಮೆಟ್ಲಿಲ್ಲ ಅತ್ತೆ! ಗುಂಡಿ ಅದೆ!"

"ಬಿಡೇ! ಅವನಿನ್ನೂ ಕೆಳಗೇ ಅವ್ನೆ! ನೀನು ಸುಳ್ಳು ಹೇಳ್ದೆ, ಅವ್ರು ಬೆಂಕಿ ಇಟ್ರು... ಅವನ್ನ ಮೇಲಕ್ಕೆ ಕರೆಯೋರು ಯಾರವ್ರೇ?"

ಮುದುಕಿಗೆ ಎಲ್ಲಿಂದ ಬಂತೋ ಆ ಬಲ! ಇಬ್ಬರೂ ಒಂದು ಮೆಟ್ಟಿಲು ಕೆಳಗೆ ಜಾರಿದರು. ರಾಧಾಮಣಿಗೆ ತಿಳಿದಿತ್ತು: ಆ ಮಾತು ಮತ್ತೆ ಬಾಯಿಂದ ಬಂದರೆ, ಇಷ್ಟು ಜನರ ಎದುರು ತಾನು ಸಾಯುವ ತನಕ ಸುಳ್ಳುಗಾತಿ. ಆ ಮನೆಯ ಹೊಸಿಲೂ ತನಗಿಲ್ಲ. ಆದರೂ... ಅತ್ತೆ ಮುಳುಗುತ್ತಿದ್ದಾಳೆ! ಕಣ್ಣು ಮುಚ್ಚಿ, ಎದೆ ಬಿರಿಯುವಂತೆ ಕೂಗಿದಳು.

"ಮೇಲವ್ರೇ...!"

ದೋಣಿಗಳ ಸದ್ದು ನಿಂತಿತು. ಇಷ್ಟು ಕಾಲ ಮೂಕವಾಗಿದ್ದ ಎದುರು ಬಂಡೆಯಿಂದ, ತಡವಾಗಿ, ಒದ್ದೆಯಾಗಿ ಬಂತು ದನಿ...

"ಮೇಲವ್ನೀ..."

ಅದು ಕಾರ್ಯಕ್ರಮಕ್ಕೆ ಕಟ್ಟಿದ್ದ ಸ್ಪೀಕರಿನ ಸದ್ದು ಎಂದು ಶಶಿಕುಮಾರ್ ಇಂದಿಗೂ ಹೇಳುತ್ತಾನೆ. ಆದರೆ ರಾಧಾಮಣಿ ಅಂದದ್ದು "ಮೇಲವ್ರೇ" ಎಂದು.

ಅಂಜಿನಮ್ಮನ ಮೈ ಸಡಿಲಾಯಿತು. ಸೊಸೆಯ ಭುಜಕ್ಕೆ ತಲೆ ಒರಗಿಸಿದಳು.

"ಕೇಳಿಸ್ತೇನೇ?"

"ಕೇಳಿಸ್ತು ಅತ್ತೆ."

"ಗಂಟ್ಲು ಕಟ್ಟೈತೆ... ಇಷ್ಟು ದಿನ ನೀರಲ್ಲಿ ನೆಂದು..."

ದಂಡೆಯ ಮೇಲೆ ಆವುಲಪ್ಪ ಮುಂದಿನ ಹೆಸರು ಕೂಗಿದ.

ಮನೆಗೆ ಬಂದು ಸೀರೆ ಬದಲಿಸಿ ಅಂಜಿನಮ್ಮ ತಟ್ಟೆಯ ಮುಂದೆ ಕುಳಿತಳು. ಮಗ ಹೋದಂದಿನಿಂದ ಸೊಸೆಯ ಕೈಯ ಅನ್ನ ಮುಟ್ಟದೆ ಬೇರೆ ಒಲೆ ಹೂಡಿದವಳು! "ಮುದ್ದೆ ಇಕ್ಕೇ," ಅಂದಳು. "ನಿಂದೂ ಇಟ್ಕೊ." ರಾಧಾಮಣಿಯ ಕಣ್ಣೀರು ಮುದ್ದೆಯ ಮೇಲೇ ಬಿತ್ತು.

ಆಗ ಅವಳಿಗೆ ನೆನಪಾಯಿತು. ತಾರಸಿಯ ರಾಗಿ ಎತ್ತಿಟ್ಟಿರಲಿಲ್ಲ. ಏಳಹೊರಟವಳ ಕೈಯನ್ನು ಅತ್ತೆ ಹಿಡಿದಳು.

"ಕೂತ್ಕೋ. ತಾರಸಿ ಬಾಗ್ಲು ತೆಗೆದೇ ಇರ್ಲಿ."

ತಲೆಯ ಮೇಲೆ, ಹರವಿದ ರಾಗಿಯ ಮೇಲೆ ಯಾರೋ ಮೆಲ್ಲಗೆ ಕಾಲೂರಿದ ಹಾಗೆ ಸರಕ್ ಎಂದಿತು. ಮತ್ತೊಮ್ಮೆ ಸರಕ್. ಇಬ್ಬರೂ ತಲೆ ಎತ್ತಲಿಲ್ಲ. ಅಂಜಿನಮ್ಮ ಸಾರಿನ ಬಟ್ಟಲನ್ನು ಸೊಸೆಯ ಕಡೆಗೆ ಸರಿಸಿದಳು.

"ತಿನ್ನೇ ಮಗಳೇ... ಆರೋಯ್ತದೆ."